ನಿಧಾನ ನಗೆಯ ಸಿನಿಮಾ: ಯಾವುದನ್ನು ಆರಿಸಬೇಕು, ಯಾರ ಜೊತೆ ನೋಡಬೇಕು

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಕಾಮಿಡಿ ಸಿನಿಮಾ ಅಂದ ಕೂಡಲೇ ನೆನಪಾಗುವುದು 2018ರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು'. ಮಕ್ಕಳ ಕೀಟಲೆ, ಮೇಷ್ಟ್ರ ಪೇಚಾಟ, ಹಾಡು, ಕೊನೆಗೆ ಕೋರ್ಟು, ಮಾತಿಗೊಂದು ನಗೆ. ಅದೇ ನಿರೀಕ್ಷೆಯಲ್ಲಿ 'ತಿಥಿ' ಹಾಕಿ ಕುಳಿತರೆ ಇಪ್ಪತ್ತನೇ ನಿಮಿಷಕ್ಕೆ ಒಬ್ಬೊಬ್ಬರೇ ಫೋನ್ ಕೈಗೆತ್ತಿಕೊಳ್ಳುತ್ತಾರೆ. ಅರ್ಧ ಗಂಟೆಯಾಗುವಾಗ "ಇದರಲ್ಲಿ ಕಥೆ ಶುರುವಾಗುವುದು ಯಾವಾಗ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇವರೆಲ್ಲ ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದವರು. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಒಂದೇ ಪ್ರಶ್ನೆ ಹಿಡಿದು ಮುಕ್ಕಾಲು ಗಂಟೆ ವಾದಿಸಿದರೂ ಕದಲದೆ ಕೇಳಿದವರು. ನಿಧಾನ ಅವರಿಗೆ ಹೊಸದೇನಲ್ಲ. ಅಲ್ಲಿ ಕೃಷ್ಣನ ಮಾತಿಗೆ ಕರ್ಣ ಏನು ಉತ್ತರ ಕೊಟ್ಟಾನು ಎಂದು ಕಾಯುವುದು ಗೊತ್ತಿರುತ್ತದೆ. ಇಲ್ಲಿ ಯಾವುದಕ್ಕೆ ಕಾಯಬೇಕೆಂದೇ ತಿಳಿಯುವುದಿಲ್ಲ.

ನಿಧಾನ ನಗೆಯ ಇಂಥ ಸಿನಿಮಾಗಳು ಹೆಚ್ಚಾಗಿ ಸ್ವತಂತ್ರ ಸಿನಿಮಾಗಳು, ಅಂದರೆ ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಕಡಿಮೆ ಹಣದಲ್ಲಿ ಮಾಡಿದವು. ಹಾಗಾಗಿ ಅವನ್ನು ಇಲ್ಲಿ ಭಾಷೆಯಿಂದಲೋ ದೇಶದಿಂದಲೋ ವಿಂಗಡಿಸಿಲ್ಲ. ನೋಡುವವರನ್ನು ಅವು ಯಾವುದಕ್ಕಾಗಿ ಕಾಯಿಸುತ್ತವೆ ಎಂಬುದನ್ನು ಹಿಡಿದು ವಿಂಗಡಿಸಿದ್ದೇವೆ. ಮನೆಯಲ್ಲಿ ನೋಡುವವರಿಗೂ, ವಾಚನಾಲಯದಲ್ಲೋ ಯುವಕ ಮಂಡಲದಲ್ಲೋ ನಲವತ್ತು ಕುರ್ಚಿ ಹಾಕಿ ತೋರಿಸುವವರಿಗೂ ಆಯ್ಕೆ ಅಲ್ಲಿಂದ ಸುಲಭವಾಗುತ್ತದೆ.

ದಿನ ನಿಗದಿಯಾಗಿದೆ, ಊರು ಸೇರಬೇಕು

ಮೊದಲ ಬಗೆಯಲ್ಲಿ ಒಂದು ಸಮಾರಂಭದ ದಿನ ಗೊತ್ತಾಗಿರುತ್ತದೆ. ಅಲ್ಲಿಗೆ ತಲಪುವವರೆಗಿನ ಗಡಿಬಿಡಿಯೇ ಸಿನಿಮಾ. ಹೊಸಬರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಕಾಯುವುದು ಯಾವುದಕ್ಕೆ ಎಂಬುದು ಹೆಸರಿನಲ್ಲೇ ಇರುತ್ತದೆ.

ರಾಮ್ ರೆಡ್ಡಿಯವರ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದ ಹೊಸ ನಿರ್ದೇಶಕರ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಗೆದ್ದು, 2016ರಲ್ಲಿ ನಮ್ಮ ಥಿಯೇಟರುಗಳಿಗೆ ಬಂತು. ಮಂಡ್ಯ ಕಡೆಯ ಹಳ್ಳಿ, ಅಲ್ಲಿನವರೇ ನಟರು. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿ ಬದಿ ಕುಳಿತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ. ಬೈದು ಸಾಕಾಗಿ ಎದ್ದು ಹೋಗಿ, ಸಂದಿಯಲ್ಲಿ ಮೂತ್ರಕ್ಕೆ ನಿಂತಲ್ಲೇ ಕುಸಿದು ಸಾಯುತ್ತಾನೆ. ಹನ್ನೊಂದನೇ ದಿನ ತಿಥಿ. ಮಗ ಗಡ್ಡಪ್ಪನಿಗೆ ಅಪ್ಪ ಸತ್ತದ್ದರ ಚಿಂತೆಯೂ ಇಲ್ಲ, ಜಮೀನಿನ ಚಿಂತೆಯೂ ಇಲ್ಲ. ಬೀಡಿ ಸೇದುತ್ತಾ ಬ್ರಾಂದಿ ಕುಡಿಯುತ್ತಾ ಹೊಲದ ಬದಿಯಲ್ಲಿ ನಡೆಯುವುದೇ ಅವನ ಕೆಲಸ. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಜಮೀನು ಮಾರಬೇಕು. ಅಪ್ಪ ಸಹಿ ಹಾಕಲು ಒಪ್ಪದಿದ್ದಾಗ ಬದುಕಿರುವ ಅಪ್ಪನಿಗೇ ಮರಣಪತ್ರ ಮಾಡಿಸುತ್ತಾನೆ.

ಈ ಸಿನಿಮಾದ ನಗೆ ಇರುವುದು ಎರಡು ವೇಗಗಳ ನಡುವೆ. ಗಡ್ಡಪ್ಪ ನಡೆಯುವ ವೇಗ ಒಂದು, ತಮ್ಮಣ್ಣ ಓಡಾಡುವ ವೇಗ ಇನ್ನೊಂದು. ಗಡ್ಡಪ್ಪ ಹೊಲ ದಾಟುವ ಶಾಟನ್ನು ಕತ್ತರಿಸಿ ಚಿಕ್ಕದು ಮಾಡಿದರೆ, ಅವನನ್ನು ಹುಡುಕಿಕೊಂಡು ಬರುವ ಮಗನ ಆತುರಕ್ಕೆ ನಗು ಬರುವುದೇ ಇಲ್ಲ. ನೋಡುವವರು ಅರ್ಧ ನಿಮಿಷ ಆ ನಡಿಗೆಗೆ ಹೊಂದಿಕೊಂಡ ಮೇಲಷ್ಟೇ ಓಡುವವನು ವಿಚಿತ್ರವಾಗಿ ಕಾಣುತ್ತಾನೆ.

ಕಾಞಂಗಾಡಿನವರಾದ ಸೆನ್ನಾ ಹೆಗ್ಡೆಯವರ ಮಲಯಾಳಂ ಸಿನಿಮಾ 'ತಿಂಗಳಾಳ್ಚ ನಿಶ್ಚಯಂ' 2021ರಲ್ಲಿ ಓಟಿಟಿಗೆ ಬಂತು, ಮಲಯಾಳಂನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಕುವೈತ್‌ನಿಂದ ಮರಳಿದ ವಿಜಯನ್ ಎಂಬ ಗದರಿಕೆಯ ಅಪ್ಪ ಎರಡನೇ ಮಗಳ ನಿಶ್ಚಿತಾರ್ಥವನ್ನು ಸೋಮವಾರಕ್ಕೆ ಇಟ್ಟಿದ್ದಾನೆ. ಮಗಳ ಮನಸ್ಸು ಬೇರೆ ಕಡೆ. ಅಂಗಳದಲ್ಲಿ ಚಪ್ಪರ, ಅಡುಗೆಯ ಏರ್ಪಾಡು, ನೆಂಟರ ಬರವು, ಮಾತಿನ ಮೇಲೆ ಮಾತು. 'ತಿಥಿ'ಯಷ್ಟು ಇದು ನಿಧಾನವಿಲ್ಲ. ಎರಡು ಗಂಟೆಯೊಳಗೆ ಮುಗಿಯುತ್ತದೆ, ಬೈಗುಳವೂ ಕಡಿಮೆ. ಮನೆಮಂದಿಯೆಲ್ಲ ಕುಳಿತು ನೋಡುವುದಾದರೆ ಎರಡರಲ್ಲಿ ಇದನ್ನೇ ಮೊದಲು ಹಾಕಿ. ಇದೇ ನಿರ್ದೇಶಕರು 2018ರಲ್ಲಿ ಕನ್ನಡದಲ್ಲಿ 'ಕಥೆಯೊಂದು ಶುರುವಾಗಿದೆ' ಮಾಡಿದ್ದರು ಎಂಬುದೂ ನಮ್ಮವರಿಗೆ ತಿಳಿದಿರಲಿ.

ಇಲ್ಲಿ ಕಾಸರಗೋಡಿನ ಕನ್ನಡಿಗರಿಗಷ್ಟೇ ಎದುರಾಗುವ ಒಂದು ಪ್ರಶ್ನೆ ಇದೆ. 'ತಿಥಿ' ಕನ್ನಡ, 'ತಿಂಗಳಾಳ್ಚ' ಮಲಯಾಳಂ. ಆದರೆ ಮಂಡ್ಯದ ಮಾತಿನ ಓಟ, ಅರ್ಧಕ್ಕೇ ನುಂಗುವ ಕ್ರಿಯಾಪದಗಳು, ಬೈಗುಳದ ಬಗೆಗಳು ನಮ್ಮ ಕಡೆಯ ಕಿವಿಗೆ ಒಮ್ಮೆಗೆ ಹಿಡಿಯುವುದಿಲ್ಲ. ಚಂದ್ರಗಿರಿ ಹೊಳೆಯ ತೆಂಕು ಬದಿಯಲ್ಲಿ ಬೆಳೆದ ಕನ್ನಡಿಗನಿಗೆ ಕಾಞಂಗಾಡಿನ ಮಲಯಾಳಂ ದಿನಾ ಬಸ್ಸಿನಲ್ಲಿ, ಮೀನಿನ ಅಂಗಡಿಯಲ್ಲಿ ಕೇಳುವ ಮಾತು. ಅವನಿಗೆ ಸಬ್‌ಟೈಟಲ್ ಬೇಕಾಗುವುದು 'ತಿಥಿ'ಗೆ. ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆ ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತ ಹಿರಿಯರಿಗೆ ಎರಡೂ ಸಿನಿಮಾಗಳಿಗೆ ಅಕ್ಷರದ ಆಸರೆ ಬೇಕು. ಅವರಿಗೆ ಸಬ್‌ಟೈಟಲ್ ಇಲ್ಲದೆ ನಗು ಬರುವಂಥದ್ದು ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' (2017). ಕೂದಲು ಉದುರಿದ ಕನ್ನಡ ಉಪನ್ಯಾಸಕ, ಹೆಣ್ಣು ಹುಡುಕುವ ಮನೆಯವರು, ರಾಜ್‌ಕುಮಾರ್ ಹಾಡುಗಳು, ಪೂರ್ತಿ ಮಂಗಳೂರು ಕನ್ನಡ. ನಿಧಾನ ಹಾಸ್ಯಕ್ಕೆ ಇದು ಒಳ್ಳೆಯ ಹೊಸ್ತಿಲು.

ಹೀಗಾಗಿ ಪೋಸ್ಟರಿನ ಮೇಲೆ ಬರೆದ ಭಾಷೆ ನೋಡಿ ಆರಿಸಬೇಡಿ, ಬರುವವರು ಮನೆಯಲ್ಲಿ ಆಡುವ ಮಾತು ನೋಡಿ ಆರಿಸಿ. ಈ ಬಗೆಯ ಸಿನಿಮಾದಲ್ಲಿ ಅರ್ಧ ನಗೆ ಮಾತಿನ ಎಳೆತದಲ್ಲಿದೆ. ಅಕ್ಷರ ಓದಿ ವಿಷಯ ತಿಳಿಯಬಹುದು, ಎಳೆತ ತಿಳಿಯುವುದಿಲ್ಲ.

ಸಮಾರಂಭವಿಲ್ಲದೆಯೂ ಈ ಬಗೆ ನಡೆಯುತ್ತದೆ ಎಂಬುದಕ್ಕೆ ಜೈಶಂಕರ್ ಆರ್ಯರ್ ಅವರ 'ಶಿವಮ್ಮ ಯರೇಹಂಚಿನಾಳ' ಇದೆ. 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದ ಸಿನಿಮಾ. ಕೊಪ್ಪಳ ಕಡೆಯ ಊರಿನಲ್ಲಿ ಶಾಲೆಯ ಬಿಸಿಯೂಟದ ಅಡುಗೆಯವಳು ನೆಟ್‌ವರ್ಕ್ ಮಾರ್ಕೆಟಿಂಗ್‌ನ ಶಕ್ತಿಪೇಯದ ಪುಡಿ ಮಾರಲು ಮನೆಮನೆ ಹತ್ತುತ್ತಾಳೆ. ಜನರನ್ನು ಸರಪಣಿಗೆ ಸೇರಿಸುವ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಆದ್ದರಿಂದ ಭಾಷೆ ಉತ್ತರ ಕರ್ನಾಟಕದ್ದಾದರೂ ಪರಿಸ್ಥಿತಿ ಕೂಡಲೇ ಅರ್ಥವಾಗುತ್ತದೆ. ನಗೆಯ ಲೆಕ್ಕದಲ್ಲಿ ಇದು 'ತಿಥಿ'ಗಿಂತ ಕಡಿಮೆ, ಸಂಕಟದ ಲೆಕ್ಕದಲ್ಲಿ ಹೆಚ್ಚು. ಹಾಸ್ಯ ಎಂದು ಹೇಳಿ ಕರೆಯಬೇಡಿ.

ಒಂದು ಸಣ್ಣ ವಿಷಯ ಇತ್ಯರ್ಥವಾಗಬೇಕು

ಎರಡನೇ ಬಗೆಯಲ್ಲಿ ಠಾಣೆ, ಕೋರ್ಟು, ಕಡತ. ವಿಷಯ ಚಿಕ್ಕದು, ತೀರ್ಮಾನ ದೂರ.

ದಿಲೀಶ್ ಪೋತ್ತನ್ ಅವರ 'ತೊಂಡಿಮುದಲುಂ ದೃಕ್‌ಸಾಕ್ಷಿಯುಂ' (2017) ನಮ್ಮ ಜಿಲ್ಲೆಯಲ್ಲೇ ನಡೆಯುವ ಕಥೆ. ಬಸ್ಸಿನಲ್ಲಿ ಕಳ್ಳನೊಬ್ಬ ಹೆಣ್ಣುಮಗಳ ಚಿನ್ನದ ಸರ ಕದ್ದು ನುಂಗುತ್ತಾನೆ. ಎಕ್ಸ್‌ರೇಯಲ್ಲಿ ಸರ ಕಾಣುತ್ತದೆ. ಇನ್ನು ಠಾಣೆಯವರೆಲ್ಲ ಸೇರಿ ಅದು ಹೊರಬರುವುದಕ್ಕೆ ಕಾಯಬೇಕು. ಕಾಯುವಿಕೆಯನ್ನೇ ಕಥೆ ಮಾಡಿದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ. ಕಳ್ಳನೂ ಸರ ಕಳೆದುಕೊಂಡವಳ ಗಂಡನೂ ಇಬ್ಬರೂ 'ಪ್ರಸಾದ್'. ಪೊಲೀಸರಾಗಿ ನಟಿಸಿದವರಲ್ಲಿ ಹಲವರು ನಿಜವಾದ ಪೊಲೀಸರೇ, ಆದ್ದರಿಂದ ಫೈಲು ತಿರುವುವ ಕೈ, ಕುರ್ಚಿ ಎಳೆದು ಕೂರುವ ರೀತಿ ಯಾವುದೂ ಅಭಿನಯದಂತೆ ಕಾಣುವುದಿಲ್ಲ. ದೊಡ್ಡ ನಟರಿದ್ದಾರೆ, ಹಣವೂ ಇದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಸ್ವತಂತ್ರ ಸಿನಿಮಾ ಅಲ್ಲ. ಆದರೂ ಪಟ್ಟಿಯಲ್ಲಿ ಸೇರಿಸಿದ್ದೇವೆ, ಏಕೆಂದರೆ ಸ್ವತಂತ್ರ ಸಿನಿಮಾಗಳು ಬೇಡಿಕೊಳ್ಳುವ ತಾಳ್ಮೆಯನ್ನು ಇದು ಸುಖವಾಗಿ ಕಲಿಸುತ್ತದೆ. ಉದ್ದ ಸುಮಾರು ಎರಡೂಕಾಲು ಗಂಟೆ.

ರತೀಶ್ ಬಾಲಕೃಷ್ಣ ಪೊದುವಾಳ್ ಅವರ 'ನ್ನಾ ತಾನ್ ಕೇಸ್ ಕೊಡ್' (2022) ಇದಕ್ಕಿಂತ ವೇಗದ್ದು. ರಸ್ತೆಯ ಹೊಂಡದಿಂದಾಗಿ ತನಗೆ ಈ ಗತಿ ಬಂತೆಂದು ಹಳೇ ಕಳ್ಳನೊಬ್ಬ ಮಂತ್ರಿಯನ್ನೇ ಕೋರ್ಟಿಗೆಳೆಯುತ್ತಾನೆ. ಕಾಲ ಸರಿದದ್ದನ್ನು ಏರುವ ಪೆಟ್ರೋಲ್ ಬೆಲೆಯಿಂದ ತೋರಿಸುವ ಒಂದು ಉಪಾಯ ಸಾಕು, ಇಡೀ ಹಾಲ್ ನಗುವುದಕ್ಕೆ. 'ತೊಂಡಿಮುದಲ್' ಭಾರವಾದೀತು ಎನಿಸಿದರೆ ಇದು.

ಇವೆರಡನ್ನು ಮೆಚ್ಚಿದವರಿಗೆ ಮುಂದಿನ ಮೆಟ್ಟಿಲು ರೊಮೇನಿಯಾದ ಕೊರ್ನೆಲಿಯು ಪೊರುಂಬೊಯು ಅವರ '12:08 ಈಸ್ಟ್ ಆಫ್ ಬುಕಾರೆಸ್ಟ್' (2006). ಒಂದೂವರೆ ಗಂಟೆ. ತಾಳಮದ್ದಳೆ ಕೇಳುವವರಿಗೆ ಇದನ್ನು ಖಂಡಿತ ತೋರಿಸಬೇಕು. 1989ರ ಡಿಸೆಂಬರ್ 22ರಂದು ಮಧ್ಯಾಹ್ನ 12:08ಕ್ಕೆ ಅಲ್ಲಿನ ಸರ್ವಾಧಿಕಾರಿ ಚೌಶೆಸ್ಕು ಓಡಿಹೋದ. ಅದಕ್ಕಿಂತ ಮೊದಲೇ ನಮ್ಮ ಊರಿನ ಚೌಕದಲ್ಲಿ ಜನ ಸೇರಿದ್ದರೇ, ಅವನು ಓಡಿದ್ದು ಗೊತ್ತಾದ ಮೇಲೆ ಬಂದರೇ? ಮೊದಲು ಬಂದಿದ್ದರೆ ನಮ್ಮ ಊರಿನಲ್ಲೂ ಕ್ರಾಂತಿಯಾಯಿತು, ಇಲ್ಲದಿದ್ದರೆ ಇಲ್ಲ. ಸಿನಿಮಾದ ಎರಡನೇ ಅರ್ಧದ ಬಹುಪಾಲು, ಸಣ್ಣ ಊರಿನ ಟಿವಿ ಸ್ಟುಡಿಯೋದಲ್ಲಿ ಮೂವರು ಒಂದೇ ಮೇಜಿಗೆ ಕುಳಿತು ಈ ಪ್ರಶ್ನೆಯನ್ನು ಜಗ್ಗುವುದು. ಅವರಲ್ಲಿ ಒಬ್ಬರು ಕುಡುಕ ಮೇಷ್ಟ್ರು, "ನಾನು ಅಲ್ಲಿದ್ದೆ" ಎಂದು ಸಾಧಿಸುತ್ತಾರೆ. ಫೋನ್ ಮಾಡುವವರೆಲ್ಲ "ಇರಲಿಲ್ಲ" ಎನ್ನುತ್ತಾರೆ. ಪಕ್ಕದಲ್ಲಿ ಮುದುಕನೊಬ್ಬ ಬೇಸರಕ್ಕೆ ಕಾಗದದ ದೋಣಿ ಮಾಡುತ್ತಾನೆ. ಕ್ಯಾಮೆರಾದವನಿಗೆ ಫ್ರೇಮ್ ಹಿಡಿಯಲು ಬರುವುದಿಲ್ಲ. ವೇಷವಿಲ್ಲ, ರಂಗವಿಲ್ಲ, ವಾದವೊಂದೇ. ನಮ್ಮ ಕೇಳುಗರಿಗೆ ಈ ಆಟದ ನಿಯಮ ಹೇಳಿಕೊಡಬೇಕಾಗಿಲ್ಲ. ಮೊದಲ ಅರ್ಧ ಮಾತ್ರ ಮಂದವಾಗಿದೆ. ಮುಂದೆ ಏನಿದೆ ಎಂದು ಮೊದಲೇ ಎರಡು ಮಾತು ಹೇಳಿಬಿಟ್ಟರೆ ಜನ ದಾಟಿಕೊಳ್ಳುತ್ತಾರೆ.

ಮಾತು ಬರುವುದಕ್ಕೆ ಕಾಯುವುದು

ಮೂರನೇ ಬಗೆಯ ಮಂದಿ ಮುಖದಲ್ಲಿ ಗೆರೆಯೂ ಕದಲದೆ ನಗಿಸುವವರು. ಫಿನ್‌ಲೆಂಡಿನ ಆಕಿ ಕೌರಿಸ್ಮಾಕಿ, ಅಮೆರಿಕದ ಜಿಮ್ ಜಾರ್ಮುಶ್.

ಕೌರಿಸ್ಮಾಕಿಯವರ 'ಫಾಲನ್ ಲೀವ್ಸ್' (2023, ಕಾನ್‌ನಲ್ಲಿ ಜ್ಯೂರಿ ಪ್ರಶಸ್ತಿ) ಕೇವಲ 81 ನಿಮಿಷ. ಸೂಪರ್‌ಮಾರ್ಕೆಟಿನಿಂದ ಕೆಲಸ ಕಳೆದುಕೊಂಡ ಹೆಂಗಸು, ಕುಡಿತ ಬಿಡಲಾಗದ ಕೂಲಿ ಕಾರ್ಮಿಕ. ಅವಳು ಚೀಟಿಯಲ್ಲಿ ನಂಬರ್ ಬರೆದು ಕೊಡುತ್ತಾಳೆ. ಚೀಟಿ ಜೇಬಿನಿಂದ ಹಾರಿಹೋಗುತ್ತದೆ, ಅವನಿಗೆ ಗೊತ್ತಾಗುವುದಿಲ್ಲ. ಅವಳ ಹೆಸರೂ ಅವನಿಗೆ ತಿಳಿಯದು. ಸಿನಿಮಾ ಥಿಯೇಟರಿನ ಎದುರು ಬಂದು ನಿಲ್ಲುತ್ತಾನೆ. ಎಷ್ಟು ಹೊತ್ತು ಕಾದ ಎಂಬುದನ್ನು ಗಡಿಯಾರ ಹೇಳುವುದಿಲ್ಲ, ನೆಲದಲ್ಲಿ ರಾಶಿ ಬಿದ್ದ ಸಿಗರೇಟ್ ತುಂಡುಗಳು ಹೇಳುತ್ತವೆ. ನಗೆಯೂ ಕನಿಕರವೂ ಅಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಒಬ್ಬಳೇ ಇರುವವಳು ಅವನನ್ನು ಊಟಕ್ಕೆ ಕರೆದಾಗ ಅಂಗಡಿಗೆ ಹೋಗಿ ಇನ್ನೊಂದು ತಟ್ಟೆ ಕೊಂಡು ತರುತ್ತಾಳೆ. ಅವಳ ಬದುಕಿನ ವರ್ಣನೆ ಅಷ್ಟೇ. ಈ ಇಡೀ ಪಟ್ಟಿಯಲ್ಲಿ ಒಂದನ್ನೇ ಆರಿಸಬೇಕೆಂದರೆ ನಮ್ಮ ಆಯ್ಕೆ ಇದು.

ಜಾರ್ಮುಶ್ ಅವರ 'ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್' (1984) ಕಪ್ಪು-ಬಿಳುಪು, 89 ನಿಮಿಷ. ಪ್ರತಿ ದೃಶ್ಯವೂ ಒಂದೇ ಶಾಟ್. ಮುಗಿದ ಮೇಲೆ ಕೆಲವು ಸೆಕೆಂಡ್ ಪರದೆ ಪೂರ್ತಿ ಕಪ್ಪು. ಮೊದಲ ಬಾರಿ ನೋಡುವವರು ಕರೆಂಟ್ ಹೋಯಿತೆಂದೇ ತಿಳಿಯುತ್ತಾರೆ, ಆದ್ದರಿಂದ ಮೊದಲೇ ಹೇಳಿಬಿಡಿ. ಆ ಕತ್ತಲೆಗೆ ಕೆಲಸವಿದೆ: ಆಗಷ್ಟೇ ನೋಡಿದ ಪೆದ್ದುತನ ಮನಸ್ಸಿನಲ್ಲಿ ಇಳಿಯಲು ಬಿಡುವು ಕೊಡುತ್ತದೆ, ಅರ್ಧ ನಗೆ ಹುಟ್ಟುವುದು ಕತ್ತಲಲ್ಲೇ.

ಎರಡರ ನಡುವೆ ಆರಿಸುವುದು ಸುಲಭ. ಕೌರಿಸ್ಮಾಕಿಯವರ ಪಾತ್ರಗಳಿಗೆ ಏನೋ ಬೇಕಾಗಿರುತ್ತದೆ: ಕೆಲಸ, ಜೊತೆ, ನಾಯಿ. ಜಾರ್ಮುಶ್ ಅವರ ಪಾತ್ರಗಳಿಗೆ ಏನು ಬೇಕೆಂದು ಅವರಿಗೇ ಗೊತ್ತಿಲ್ಲ. ಅರುವತ್ತು ದಾಟಿದವರಿಗೆ ಮೊದಲನೆಯದು ಹಿಡಿಸುತ್ತದೆ, ಕಾಲೇಜು ಹುಡುಗರಿಗೆ ಎರಡನೆಯದು.

ಈ ಬಗೆಯನ್ನು ಒಂದೂವರೆ ವೇಗದಲ್ಲಿ ಓಡಿಸಿ ನೋಡುವ ಅಭ್ಯಾಸ ಈಗ ಮೊಬೈಲಿನಲ್ಲಿ ಸಾಮಾನ್ಯ. ಪ್ರಶ್ನೆ ಕೇಳಿದ ಮೇಲೆ ಆರು ಸೆಕೆಂಡ್ ಸುಮ್ಮನಿದ್ದು "ಹೂಂ" ಎಂದರೆ ನಗು. ಅದೇ ನಾಲ್ಕು ಸೆಕೆಂಡಿಗೆ ಬಂದರೆ ಮಾಮೂಲಿ ಉತ್ತರ. ಕಥೆ ಉಳಿಯುತ್ತದೆ, ಹಾಸ್ಯ ಪೂರ್ತಿ ಹೋಗುತ್ತದೆ.

ಚೌಕಟ್ಟಿನೊಳಗೆ ಹುಡುಕುವುದು

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ. ಸ್ವೀಡನ್ನಿನ ರಾಯ್ ಆಂಡರ್ಸನ್ ಕ್ಯಾಮೆರಾವನ್ನು ಒಂದೆಡೆ ನೆಟ್ಟುಬಿಡುತ್ತಾರೆ. ಹತ್ತಿರದ ಶಾಟ್ ಇಲ್ಲ. ಯಾರನ್ನು ನೋಡಬೇಕೆಂದು ಯಾರೂ ತೋರಿಸಿಕೊಡುವುದಿಲ್ಲ. 2014ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಪಡೆದ, 'ಎ ಪಿಜನ್ ಸ್ಯಾಟ್ ಆನ್ ಎ ಬ್ರಾಂಚ್' ಎಂದು ಹೆಸರು ಶುರುವಾಗುವ ಅವರ ಸಿನಿಮಾದಲ್ಲಿ ಇಬ್ಬರು ಮಾರಾಟಗಾರರು ಸೂತಕದ ಮುಖ ಹೊತ್ತು ನಗೆಚೀಲ, ರಕ್ಕಸನ ಹಲ್ಲು ಮಾರುತ್ತಾರೆ. ಇಂದಿನ ಕಾಲದ ಹೋಟೆಲೊಂದಕ್ಕೆ ಹದಿನೆಂಟನೇ ಶತಮಾನದ ರಾಜ ಕುದುರೆ ಏರಿ ಬರುತ್ತಾನೆ, ಕಿಟಕಿಯಾಚೆ ಅವನ ಸೈನ್ಯ ಯುದ್ಧಕ್ಕೆ ಸಾಗುತ್ತಲೇ ಇರುತ್ತದೆ. ಆಮೇಲೆ ಸೋತು ಸುಣ್ಣವಾಗಿ ಅದೇ ಹೋಟೆಲಿಗೆ ಮರಳುತ್ತಾನೆ, ಶೌಚಾಲಯಕ್ಕೆ ಹೋಗಬೇಕು, ಒಳಗೆ ಯಾರೋ ಇದ್ದಾರೆ. ರಾಜನಾದರೂ ಕಾಯಲೇಬೇಕು.

ಫ್ರಾನ್ಸಿನ ಜಾಕ್ ತಾತಿಯವರ 'ಪ್ಲೇಟೈಮ್' (1967) ಇದೇ ಜಾತಿಯದು, 70 ಎಂಎಂ ಫಿಲ್ಮಿನಲ್ಲಿ ತೆಗೆದದ್ದು. ಪರದೆಯ ಮೂಲೆಮೂಲೆಯಲ್ಲೂ ಬೇರೆಬೇರೆ ತಮಾಷೆ ನಡೆಯುತ್ತಿರುತ್ತದೆ. ಆರು ಇಂಚಿನ ಮೊಬೈಲಿನಲ್ಲಿ ಅವು ಕಣ್ಣಿಗೇ ಬೀಳುವುದಿಲ್ಲ. 40 ಇಂಚಿಗಿಂತ ಚಿಕ್ಕ ಟಿವಿ ಇರುವವರು ಈ ಬಗೆಯನ್ನು ಬಿಟ್ಟುಬಿಡಿ, ಸುಮ್ಮನೆ ಆ ಸಿನಿಮಾದ ಮೇಲೆ ಬೇಸರ ಬೆಳೆಸಿಕೊಳ್ಳುವುದು ಬೇಡ.

ಆಂಡರ್ಸನ್ ಅವರಲ್ಲಿ ನಲವತ್ತು ನಿಮಿಷದ ನಂತರ ದಣಿವು ಬರುತ್ತದೆ. ಅವು ಬಿಡಿ ಚಿತ್ರಗಳಾದ್ದರಿಂದ ನಿಲ್ಲಿಸಿ ಮರುದಿನ ಮುಂದುವರಿಸಿದರೆ ನಷ್ಟವಿಲ್ಲ. 'ತಿಥಿ'ಯನ್ನು ಹಾಗೆ ಮುರಿದು ನೋಡಬೇಡಿ, ನಡಿಗೆಯ ಲಯ ಕೈತಪ್ಪುತ್ತದೆ.

ಈ ಸಿನಿಮಾಗಳು ಸೋಲುವ ಜಾಗ

ನಿಧಾನವಾದ ಮಾತ್ರಕ್ಕೆ ಒಳ್ಳೆಯದೆಂದು ಹೇಳುವುದು ಅನ್ಯಾಯ. ಬಹಳಷ್ಟು ಸಿನಿಮಾಗಳಲ್ಲಿ ಉದ್ದದ ಶಾಟಿನೊಳಗೆ ಏನೂ ಬೇಯುತ್ತಿರುವುದಿಲ್ಲ. ಹಣ ಕಡಿಮೆ ಇದ್ದಾಗ ಒಂದೇ ಶಾಟಿನಲ್ಲಿ ದೃಶ್ಯ ಮುಗಿಸುವುದು ಅಗ್ಗ: ಲೈಟಿಂಗ್ ಒಮ್ಮೆ ಮಾಡಿದರೆ ಸಾಕು, ಬೇರೆಬೇರೆ ಕೋನದ ಶಾಟ್ ಬೇಡ, ಸಂಕಲನದ ಕೆಲಸವೂ ಕಡಿಮೆ. ಬಡತನದಿಂದ ಬಂದ ಉದ್ದವೂ ಯೋಚಿಸಿ ಇಟ್ಟ ಉದ್ದವೂ ಪರದೆಯಲ್ಲಿ ಮೊದಲಿಗೆ ಒಂದೇ ತರ ಕಾಣುತ್ತವೆ.

ಬೇರ್ಪಡಿಸಲು ಮೊದಲ ಹದಿನೈದು ನಿಮಿಷ ಸಾಕು. ಒಂದು ಉದ್ದ ಶಾಟ್ ಮುಗಿದಾಗ, ಅದರ ಆರಂಭದಲ್ಲಿ ಗೊತ್ತಿಲ್ಲದ ಏನಾದರೂ ನಿಮಗೆ ಗೊತ್ತಾಗಿದೆಯೇ ನೋಡಿ. ಗಡ್ಡಪ್ಪನ ನಡಿಗೆಯಿಂದ ಅವನಿಗೆ ಯಾರ ಹಂಗೂ ಇಲ್ಲವೆಂದು ಗೊತ್ತಾಗುತ್ತದೆ. ಎರಡನೆಯದಾಗಿ, ಒಂದೇ ಕೆಲಸ ಮರಳಿ ಬಂದಾಗ ನಗೆ ಹೆಚ್ಚಿತೇ, ಕಡಿಮೆಯಾಯಿತೇ? ಕೈ ಹಿಡಿತವಿರುವ ನಿರ್ದೇಶಕರಲ್ಲಿ ಮೂರನೇ ಸಲಕ್ಕೆ ನಗೆ ಹೆಚ್ಚುತ್ತದೆ, ಏಕೆಂದರೆ ಪ್ರತಿ ಸಲ ಒಂದು ಚಿಕ್ಕ ಬದಲಾವಣೆ ಸೇರಿರುತ್ತದೆ. ಎರಡಕ್ಕೂ ಉತ್ತರ "ಇಲ್ಲ" ಎಂದಾದರೆ ನಿಲ್ಲಿಸಿ. ಪೋಸ್ಟರಿನಲ್ಲಿರುವ ಪ್ರಶಸ್ತಿಯ ಎಲೆಗಳ ಗುರುತು ನೋಡಿ ಕೊನೆತನಕ ಕೂರುವ ಅಗತ್ಯವಿಲ್ಲ.

ಇನ್ನೊಂದು ದೋಷ ಹೆಚ್ಚು ನೋವಿನದು. ನಟನೆ ಗೊತ್ತಿಲ್ಲದ ಹಳ್ಳಿಯವರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದಾಗ, ಅವರು ಮಾತಿಗೆ ತಡವರಿಸುವುದನ್ನೇ ಹಾಸ್ಯ ಮಾಡಿಕೊಂಡ ಸಿನಿಮಾಗಳಿವೆ. ಅಲ್ಲಿ ನಗುವವರು ನಗರದವರು, ನಗೆಗೀಡಾಗುವವರು ಊರಿನವರು. ಗುರುತಿಸುವುದು ಹೀಗೆ: ದೃಶ್ಯದಲ್ಲಿರುವ ಇತರರೂ ನಗುತ್ತಿದ್ದಾರೆಯೇ, ಆ ಪಾತ್ರಕ್ಕೆ ತಿರುಗಿ ಹೇಳುವ ಮಾತು ಇದೆಯೇ? 'ತಿಥಿ'ಯಲ್ಲಿ ಗಡ್ಡಪ್ಪನೇ ಎಲ್ಲರಿಗಿಂತ ಬುದ್ಧಿವಂತ. ಕಾಸರಗೋಡಿನ ಮಾತನ್ನೇ ತಮಾಷೆಯ ವಸ್ತು ಮಾಡಿದ ದೃಶ್ಯಗಳು ತೆಂಕಣ ಕೇರಳದ ಸಿನಿಮಾಗಳಲ್ಲಿ ಸಾಕಷ್ಟು ಬಂದುಹೋಗಿವೆ, ನಮಗೆ ಆ ವ್ಯತ್ಯಾಸ ಬೇಗ ತಿಳಿಯುತ್ತದೆ.

ಹೆಣ್ಣು ಪಾತ್ರಗಳ ವಿಷಯದಲ್ಲಿ ಈ ಬಗೆ ಇನ್ನೂ ಬಡವೇ. ಅಲೆಯುವವರು, ಹರಟುವವರು, ಕೆಲಸವಿಲ್ಲದೆ ಕೂರುವವರು ಹೆಚ್ಚಾಗಿ ಗಂಡಸರು, ಅಡುಗೆ ಮಾಡಿ ಬಡಿಸುವವರು ಹೆಂಗಸರು. ಮಹಿಳಾ ಮಂಡಲದ ಕಾರ್ಯಕ್ರಮಕ್ಕೆ ಆರಿಸುವಾಗ 'ಶಿವಮ್ಮ'ನನ್ನೂ 'ಫಾಲನ್ ಲೀವ್ಸ್'ಅನ್ನೂ ಮುಂದಿಡಲು ಇದೇ ಕಾರಣ.

ಹಾಲ್‌ನಲ್ಲಿ ತೋರಿಸುವಾಗ

ಮೊದಲು ಅನುಮತಿ. ಓಟಿಟಿ ಚಂದಾ ಮನೆಯೊಳಗೆ ನೋಡುವುದಕ್ಕೆ ಮಾತ್ರ, ಸಭೆಯಲ್ಲಿ ತೋರಿಸಲು ಹಕ್ಕು ಇರುವವರ ಒಪ್ಪಿಗೆ ಲಿಖಿತವಾಗಿ ಬೇಕು. ಸಣ್ಣ ಸಿನಿಮಾದ ನಿರ್ಮಾಪಕರಿಗೆ ನೇರ ಬರೆದರೆ ಕೆಲಸ ಬೇಗ ಆಗುತ್ತದೆ. ಒಂದು ತಿಂಗಳ ಮೊದಲೇ ಬರೆಯಿರಿ.

ಕಾಲ ನೋಡಿಕೊಳ್ಳಿ. ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯವರೆಗೆ ಆಟ, ಕೋಲ, ತೆಯ್ಯಂ, ಜಾತ್ರೆ. ಸಂಜೆ ಯಾರೂ ಬಿಡುವಾಗಿರುವುದಿಲ್ಲ. ಜನ ಸಿಗುವುದು ಮಳೆಗಾಲದಲ್ಲಿ. ಆದರೆ ನಮ್ಮ ಹೆಚ್ಚಿನ ಕ್ಲಬ್ಬುಗಳದ್ದು ಶೀಟಿನ ಮಾಡು. ಜುಲೈ ತಿಂಗಳ ಮಳೆ ಅದರ ಮೇಲೆ ಸುರಿದರೆ 'ಫಾಲನ್ ಲೀವ್ಸ್'ನ ಮೌನ ಉಳಿಯುವುದಿಲ್ಲ. ಮಳೆಗಾಲದಲ್ಲಿ ತಾರಸಿ ಇರುವ ಹಾಲ್ ಸಿಕ್ಕರೆ ಮೂರನೇ ಬಗೆ, ಶೀಟಿನ ಮಾಡಾದರೆ ಮಾತು ಹೆಚ್ಚಿರುವ ಮೊದಲೆರಡು ಬಗೆ. ದನಿಯ ಮಟ್ಟವನ್ನು ಹಾಡಿನ ದೃಶ್ಯದಲ್ಲಿ ಹೊಂದಿಸಬೇಡಿ, ಪಿಸುಮಾತಿನ ದೃಶ್ಯ ಹಾಕಿ, ಫ್ಯಾನ್ ಓಡುತ್ತಿರುವಾಗ, ಹಿಂದಿನ ಸಾಲಿನಲ್ಲಿ ನಿಂತು ಕೇಳಿ.

ಎಂಟು ಅಡಿ ಅಗಲದ ಪರದೆಗೆ, ಕಿಟಕಿ ಮುಚ್ಚಿದ ಹಾಲ್‌ನಲ್ಲಿ, 3000 ಲೂಮೆನ್ ಬೆಳಕಿನ ಪ್ರೊಜೆಕ್ಟರ್ ಸಾಕು. ಪರದೆಯ ಕೆಳ ಅಂಚು ನೆಲದಿಂದ ನಾಲ್ಕು ಅಡಿ ಮೇಲಿರಲಿ. ಇಲ್ಲವಾದರೆ ಎದುರಿನವರ ತಲೆ ಸಬ್‌ಟೈಟಲನ್ನೇ ಮರೆಮಾಡುತ್ತದೆ. ಹಿಂದಿನವರಿಗೆ ಚಿತ್ರ ಕಾಣುತ್ತದೆ, ಮಾತು ತಿಳಿಯುವುದಿಲ್ಲ.

ಹೆಚ್ಚು ಕೆಡುವುದು ಸಬ್‌ಟೈಟಲ್‌ನಲ್ಲಿ. ವಿದೇಶದ ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಅಪರೂಪ. ಮಲಯಾಳಂನಲ್ಲಿ 'ಎಂಸೋನ್' ಎಂಬ ಸ್ವಯಂಸೇವಕರ ಕೂಟ ತುಂಬ ಸಿನಿಮಾಗಳಿಗೆ ಮಾಡಿದೆ, ಮಲಯಾಳಂ ಓದಬಲ್ಲವರಿಗೆ ಅದು ದೊಡ್ಡ ಉಪಕಾರ. ಬರುವವರಲ್ಲಿ ಕನ್ನಡ ಮಾತ್ರ ಓದುವ ಹಿರಿಯರು ಹೆಚ್ಚಿದ್ದರೆ ನೀವೇ ಕನ್ನಡಕ್ಕೆ ಮಾಡಿಕೊಳ್ಳಿ. 'ಫಾಲನ್ ಲೀವ್ಸ್'ನಲ್ಲಿ ಮಾತು ಎಷ್ಟು ಕಡಿಮೆಯೆಂದರೆ ಇಬ್ಬರು ಸೇರಿದರೆ ಎರಡು ಮೂರು ಸಂಜೆಯಲ್ಲಿ ಮುಗಿಯುತ್ತದೆ. ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ, ಇಲ್ಲವಾದರೆ ಅಕ್ಷರದ ಬದಲು ಅರ್ಥವಿಲ್ಲದ ಗುರುತುಗಳು ಬರುತ್ತವೆ. ಹಳೆಯ ಪ್ಲೇಯರಿನಲ್ಲಿ ಒತ್ತಕ್ಷರ ಒಡೆಯುತ್ತದೆ, ಆದ್ದರಿಂದ ಕಾರ್ಯಕ್ರಮದ ದಿನ ಬಳಸುವ ಕಂಪ್ಯೂಟರಿನಲ್ಲೇ ಮೊದಲು ಹಾಕಿ ನೋಡಿ.

ಒಂದು ತಪ್ಪನ್ನು ಎಲ್ಲರೂ ಮಾಡುತ್ತಾರೆ: ಪ್ರಶ್ನೆಯನ್ನೂ ಉತ್ತರವನ್ನೂ ಎರಡು ಸಾಲಾಗಿ ಒಟ್ಟಿಗೆ ತೋರಿಸುವುದು. ಪಾತ್ರ ಇನ್ನೂ ಬಾಯಿ ತೆರೆದಿಲ್ಲ, ಸಭೆ ಆಗಲೇ ಉತ್ತರ ಓದಿ ನಕ್ಕಾಗಿದೆ; ಮಾತು ಬರುವ ಹೊತ್ತಿಗೆ ನಗೆ ಆರಿದೆ. ಉತ್ತರಕ್ಕೆ ಬೇರೆಯೇ ಸಾಲು ಇಡಿ, ತುಟಿ ಕದಲಿದ ಮೇಲೆ ಬರಲಿ.

ವಿಎಲ್‌ಸಿ ಪ್ಲೇಯರಿನಲ್ಲಿ ಜಿ ಕೀ ಒತ್ತಿದರೆ ಸಬ್‌ಟೈಟಲ್ ಬೇಗ ಬರುತ್ತದೆ, ಎಚ್ ಒತ್ತಿದರೆ ತಡವಾಗುತ್ತದೆ, ಒಂದು ಒತ್ತಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಶುರುವಿನಲ್ಲಿ ಸರಿಯಿದ್ದು ಹೋಗಹೋಗುತ್ತಾ ಜಾರಿದರೆ ಕಾರಣ ಬೇರೆ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನದು, ಸಬ್‌ಟೈಟಲ್ 25 ಫ್ರೇಮಿನ ಪ್ರತಿಗೆ ಮಾಡಿದ್ದು. ನಿಮಿಷಕ್ಕೆ ಸುಮಾರು ಎರಡೂವರೆ ಸೆಕೆಂಡ್ ವ್ಯತ್ಯಾಸ, ತೊಂಬತ್ತು ನಿಮಿಷಕ್ಕೆ ಮೂರೂವರೆ ನಿಮಿಷಕ್ಕಿಂತ ಹೆಚ್ಚು. ಅದಕ್ಕೆ ಗುಂಡಿ ಒತ್ತಿ ಪ್ರಯೋಜನವಿಲ್ಲ. 'ಸಬ್‌ಟೈಟಲ್ ಎಡಿಟ್' ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸಿ ಮತ್ತೆ ಉಳಿಸಬೇಕು. ಇದನ್ನು ತಿಳಿಯಲು ಸಿನಿಮಾದ ಮೊದಲ ಮಾತು ಮಾತ್ರ ನೋಡಿದರೆ ಸಾಲದು, ಕೊನೆಯ ಹತ್ತು ನಿಮಿಷವನ್ನೂ ಹಾಕಿ ನೋಡಿ.

ನೂರು ನಿಮಿಷದೊಳಗಿನ ಸಿನಿಮಾಕ್ಕೆ ಮಧ್ಯಂತರ ಬೇಡ. ಚಾ ಮೊದಲೇ ಕೊಟ್ಟುಬಿಡಿ. ನಡುವೆ ಲೈಟ್ ಹಾಕಿದರೆ ಮತ್ತೆ ಆ ಲಯಕ್ಕೆ ಇಳಿಯಲು ಜನರಿಗೆ ಕಾಲು ಗಂಟೆ ಬೇಕು, ಅಷ್ಟರಲ್ಲಿ ಅರ್ಧ ಮಂದಿ ಹೊರಗಿರುತ್ತಾರೆ. 'ತೊಂಡಿಮುದಲ್'ಗೆ ಅದರದ್ದೇ ಮಧ್ಯಂತರವಿದೆ, ಅಲ್ಲೇ ನಿಲ್ಲಿಸಿ.

ತಿಂಗಳಿಗೊಂದರಂತೆ ತೋರಿಸುವುದಾದರೆ ನಾವು ಹೇಳುವ ಕ್ರಮ ಇದು: 'ಒಂದು ಮೊಟ್ಟೆಯ ಕಥೆ', 'ತಿಂಗಳಾಳ್ಚ ನಿಶ್ಚಯಂ', 'ತೊಂಡಿಮುದಲ್', ಆಮೇಲೆ 'ತಿಥಿ'. ಐದನೇ ತಿಂಗಳಿಗೆ 'ಫಾಲನ್ ಲೀವ್ಸ್', ಆರಕ್ಕೆ ರೊಮೇನಿಯಾದ್ದು. ಮಕ್ಕಳು ಬರುವುದಾದರೆ 'ತಿಥಿ'ಯನ್ನು ಬಿಟ್ಟು 'ನ್ನಾ ತಾನ್ ಕೇಸ್ ಕೊಡ್' ಸೇರಿಸಿ. ಜಾರ್ಮುಶ್ ಮತ್ತು ಆಂಡರ್ಸನ್ ಇಡೀ ಸಭೆಗೆ ಬೇಡ. ಆರು ತಿಂಗಳೂ ತಪ್ಪದೆ ಬಂದ ಹತ್ತು ಹನ್ನೆರಡು ಮಂದಿ ಯಾರೆಂದು ಅಷ್ಟರಲ್ಲಿ ಗೊತ್ತಾಗಿರುತ್ತದೆ, ಅವರನ್ನು ಒಂದು ಭಾನುವಾರ ಸಂಜೆ ಬೇರೆಯಾಗಿ ಕರೆಯಿರಿ.